ಅವ್ವಾರು ಬರೆದ ಸಾಲು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಮಂತ್ರ ಹೇಳಿಕೊಡುತ್ತಿರಲಿಲ್ಲ. ಕಂಪ್ಯೂಟರಿಗೆ ಕೋಡ್ ಬರೆಯುವುದನ್ನು ಹೇಳಿಕೊಡುತ್ತಿದ್ದರು.

ಗುರುವಿನ ಹೆಸರು ಹೊನ್ನವ್ವ. ಶಿಷ್ಯರೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದರು.

ಅವ್ವಾರು ತಮ್ಮ ಹರೆಯದಲ್ಲಿ ಒಂದು ಡೇಟಾಬೇಸ್ ಸರ್ವರ್ ಬರೆದಿದ್ದರು. ಸಣ್ಣ ಸಣ್ಣ ಆಸ್ಪತ್ರೆಗಳು ರೋಗಿಗಳ ವಿವರವನ್ನು ಅದರಲ್ಲಿ ಇಟ್ಟುಕೊಳ್ಳುತ್ತಿದ್ದವು. ಕೇಳಿದವರಿಗೆ ಆ ಪ್ರೋಗ್ರಾಂ ಕೊಡುವುದು, ಕೆಟ್ಟರೆ ಸರಿ ಮಾಡಿಕೊಡುವುದು. ಆಶ್ರಮದ ಪೂಜೆ, ವ್ರತ ಎಲ್ಲ ಅಷ್ಟೇ.

ಕೋಡಿನ ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಬರೆದವರ ಹೆಸರು ಇರುತ್ತಿತ್ತು. ಶಿಷ್ಯರು ಒಬ್ಬರ ಸಾಲನ್ನು ಇನ್ನೊಬ್ಬರು ಧಾರಾಳವಾಗಿ ತಿದ್ದುತ್ತಿದ್ದರು, ತಿದ್ದಿ ಜಗಳವನ್ನೂ ಆಡುತ್ತಿದ್ದರು. ಅವ್ವಾರ ಸಾಲನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ.

ಮುಟ್ಟಬೇಡಿ ಎಂದು ಅವ್ವಾರು ಹೇಳಿರಲಿಲ್ಲ. ಇಂಥದ್ದೊಂದು ರೂಢಿ ಬೆಳೆದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಒಂದು ಮುಂಜಾನೆ ಆಚೆ ದಂಡೆಯ ಹೆರಿಗೆ ಆಸ್ಪತ್ರೆಯಿಂದ ಗುಲ್ಶನ್ ಸಿಸ್ಟರ್ ದೋಣಿ ಹತ್ತಿ ಬಂದರು. ಬಂದವರು ಒಳಗೆ ಬರುವಷ್ಟೂ ತಾಳಲಿಲ್ಲ. ಮೆಟ್ಟಿಲ ಮೇಲೇ ಕುಳಿತು ಶುರು ಮಾಡಿದರು.

"ಅವ್ವಾರ, ನಮ್ಮ ಹಳೇ ಮಷೀನು ಸಾಯಾಕ ಹತ್ತೈತ್ರಿ. ಒಳಗಿನ ಫ್ಯಾನು ನಿಂತೈತಿ. ಇಬ್ಬರು ಆಯಾಗಳು ಪಾಳಿ ಮ್ಯಾಲೆ ಬೀಸಣಿಗಿ ಹಿಡಕೊಂಡು ಗಾಳಿ ಹಾಕಾಕತ್ತಾರ. ಬಾಣಂತ್ಯಾರಿಗೆ ಇಲ್ಲದ ಆರೈಕಿ ಅದಕ್ಕ ನಡದೈತಿ."

ಅವ್ವಾರು ನಕ್ಕರು. ಅವರ ಎಡಗಣ್ಣಿಗೆ ಹಸಿರು ಪಟ್ಟಿ ಇತ್ತು. ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರು. ಸ್ವಲ್ಪ ದಿನ ಪರದೆ ನೋಡಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು.

"ಹೊಸ ಮಷೀನು ಬರಲಿಲ್ಲೇನು?"

"ಬಂದೈತ್ರಿ. ಹಳೇದರಾಗಿಂದ ಹೊಸದಕ್ಕ ಎಲ್ಲಾ ಸಾಗಸಬೇಕು. ಅದಕ್ಕಂತ ನೀವು ಕೊಟ್ಟ ಪ್ರೋಗ್ರಾಂ ಹಚ್ಚಿದ್ರ ಸ್ವಲ್ಪ ದೂರ ಹೋಗಿ ಬಿದ್ದಬಿಡತೈತಿ. ಯಾರ ರಕ್ತ ಯಾವ ಗುಂಪು, ಯಾರಿಗೆ ಯಾವ ಇಂಜೆಕ್ಷನ್ ಆಗಿ ಬರೂದಿಲ್ಲ, ಎಲ್ಲಾ ಅದರಾಗ ಐತಿ. ಮಷೀನಿನ ಜೋಡಿ ಅದೂ ಹೋತಂದ್ರ ನಾ ಯಾರನ್ನ ಕೇಳಲಿ? ಅರ್ಧ ಮಂದಿಗೆ ತಮ್ಮ ವಯಸ್ಸೇ ಗೊತ್ತಿಲ್ಲ."

ಶಿಷ್ಯರ ಗುಂಪಿನಿಂದ ಫಕೀರೇಶ ಎದ್ದು ನಿಂತ. ಚುರುಕಾದವನು. ತಾನು ಚುರುಕು ಎಂಬುದೂ ಅವನಿಗೆ ಗೊತ್ತಿತ್ತು.

"ನಾ ಮಾಡ್ತೀನ್ರಿ ಅವ್ವಾರ. ಮಧ್ಯಾಹ್ನದೊಳಗ ಮುಗಸ್ತೀನಿ."

"ಯಾವತ್ತಿನ ಮಧ್ಯಾಹ್ನ?" ಎಂದರು ಅವ್ವಾರು.

ಎಲ್ಲರೂ ನಕ್ಕರು. ಫಕೀರೇಶ ನಗಲಿಲ್ಲ.

ಅವನು ಕೋಡ್ ತೆರೆದು ನೋಡಿದ. ಪ್ರೋಗ್ರಾಂ ಬೀಳುತ್ತಿದ್ದದ್ದು ರಕ್ತದ ಗುಂಪನ್ನು ಓದುವ ಕಡೆ. ಬಿದ್ದ ಜಾಗ ಗೊತ್ತಾದ ಮೇಲೆ ಇನ್ನೇನು? ಅಲ್ಲಿ ಎರಡು ಸಾಲು ಸೇರಿಸಿದ. ಏನೇ ಬಂದರೂ ಬೀಳದೆ ಮುಂದೆ ಹೋಗುವ ಹಾಗೆ ಮಾಡಿದ. ಆಸ್ಪತ್ರೆಗೆ ಕಳಿಸಿದ.

ಸಿಸ್ಟರ್ ಫೋನು ಮಾಡಿದರು.

"ಫಕೀರೇಶ, ನಿನ್ನ ಪ್ರೋಗ್ರಾಂ ಬೀಳಲಿಲ್ಲಪಾ. ಓಡಿತು."

"ನಾ ಹೇಳಿದ್ನಿಲ್ರಿ?"

"ಓಡಿದ್ದು ಖರೆ. ಆದ್ರ ಹೊಸ ಮಷೀನಿನಾಗ ಒಬ್ಬಾಕಿ ರಕ್ತದ ಗುಂಪು 'ಮನಿ' ಅಂತ ಬಂದೈತಿ. ಇನ್ನೊಬ್ಬಾಕಿದು 'ಗೌಡ್ರ' ಅಂತ ಐತಿ. ಗೌಡ್ರ ಗುಂಪಿನ ರಕ್ತ ಯಾವ ಬ್ಲಡ್ ಬ್ಯಾಂಕಿನಾಗ ಸಿಗತೈತಿ ಅಂತ ಸ್ವಲ್ಪ ಹೇಳು, ತರಸ್ತೀನಿ."

ಫಕೀರೇಶನ ಮುಖ ಬಿಸಿಯಾಯಿತು. "ಯಾರೋ ತಪ್ಪು ಟೈಪ್ ಮಾಡ್ಯಾರ್ರಿ. ನಾ ಆ ಜಾಗ ಇನ್ನೂ ಬಿಗಿ ಮಾಡ್ತೀನಿ."

"ಬಿಗಿ ಮಾಡು. ಅಲ್ಲೀತನ ನಾವು ಗಾಳಿ ಹಾಕ್ತೀವಿ."

ಅವ್ವಾರು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದರು. ಊಟದ ಗಂಟೆ ಹೊಡೆದಾಗ ಅವನ ಕೈಗೆ ಸಾರಿನ ಸೌಟು ಕೊಟ್ಟರು.

"ಇವತ್ತ ನೀ ನೀಡು. ಒಬ್ಬೊಬ್ಬರಿಗೆ ಮೂರು ಸೌಟು. ಎಲಿ ಕಡೆ ನೋಡಬ್ಯಾಡ, ಸುರಕೊಂತ ಹೋಗು."

"ನೋಡದ ಹೆಂಗ್ರಿ?"

"ನನಗ ಒಂದು ಕಣ್ಣು ಮುಚ್ಚ್ಯಾರ, ನೀ ಎರಡೂ ಮುಚ್ಚು. ಗುರುವಿಗಿಂತ ಶಿಷ್ಯ ಒಂದು ಹೆಜ್ಜಿ ಮುಂದ ಇರಬೇಕು."

ಆವತ್ತು ಹೋಳಿಗೆಯ ಊಟ. ಬಾಳೆ ಎಲೆಗಳನ್ನು ಒಂದಕ್ಕೊಂದು ಅಂಟಿಸಿದಂತೆ ಹಾಕಿದ್ದರು. ಫಕೀರೇಶ ತಲೆ ಎತ್ತಿಕೊಂಡು ನೀಡುತ್ತಾ ಬಂದ. ಸಂಕಪ್ಪ ಎಂಬ ಶಿಷ್ಯನ ಎಲೆಗೆ ಒಂದು ಸೌಟು ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಬೀಳುವಾಗ ಸಂಕಪ್ಪನ ಅನ್ನದ ಕಟ್ಟೆ ಒಡೆಯಿತು.

ಪಕ್ಕದಿಂದ ದಾನಮ್ಮ ಚೀರಿದಳು. "ಅಯ್ಯಯ್ಯೋ, ನನ್ನ ಹೋಳಿಗಿ ಈಸಾಕತ್ತೈತಿ!"

ದಾನಮ್ಮ ಆಶ್ರಮಕ್ಕೆ ಹೊಸಬಳು. ಬಾಯಿ ಮಾತ್ರ ಹೊಸದಾಗಿರಲಿಲ್ಲ.

"ಎಲಿ ಸರಸ್ಕೊಂಡು ಕೂಡಬಾರದೇನು?" ಫಕೀರೇಶ ಅವಳಿಗೇ ಜೋರು ಮಾಡಿದ. "ಅಂಚು ಸ್ವಲ್ಪ ಮ್ಯಾಲೆ ಎತ್ತು. ಅನ್ನದ್ದೊಂದು ಕಟ್ಟಿ ಕಟ್ಟಕೋ."

"ನಾ ಸಾರು ಕೇಳಿಲ್ಲ, ನೀ ನನಗ ಹಾಕಿಲ್ಲ. ಕಟ್ಟಿ ನಾ ಯಾಕ ಕಟ್ಟಲಿ?"

ಅವ್ವಾರು ಪಂಕ್ತಿಯ ತುದಿಯಿಂದ ಕೇಳಿದರು. "ಫಕೀರೇಶ, ಒದರಿದವರು ಯಾರು?"

"ದಾನಮ್ಮ್ರಿ."

"ನೀ ಸುರಿದದ್ದು ಯಾರ ಎಲಿಗೆ?"

"ಸಂಕಪ್ಪನ ಎಲಿಗೆ."

"ಬೈದದ್ದು?"

ಫಕೀರೇಶ ದಾನಮ್ಮನ ಎಲೆ ನೋಡಿದ, ಸಂಕಪ್ಪನ ಎಲೆ ನೋಡಿದ. ಸೌಟಿನಿಂದ ಸಾರು ಅವನ ಪಾದದ ಮೇಲೆ ತೊಟ್ಟಿಕ್ಕಿತು. ಆಮೇಲೆ ಸೌಟನ್ನು ಅಲ್ಲೇ ಇಟ್ಟು ಓಡಿದ.

"ಉಳದವರಿಗೆ ಯಾರ್ರಿ ಸಾರು ನೀಡೋರು?" ಎಂದಳು ದಾನಮ್ಮ.

"ಸಂಕಪ್ಪನ ಎಲ್ಯಾಗಿಂದ ತಗೋರಿ," ಎಂದರು ಅವ್ವಾರು. "ಊರಿಗೇ ಸಾಕಾಗುವಷ್ಟು ಐತಿ."

ಫಕೀರೇಶ ಮತ್ತೆ ಕೋಡಿನ ಮುಂದೆ ಕುಳಿತ. ಈ ಸಲ ಒದರುತ್ತಿದ್ದ ಜಾಗವನ್ನು ಬಿಟ್ಟು ಅದರ ಪಕ್ಕದ ಎಲೆ ಯಾವುದು ಎಂದು ನೋಡಿದ.

ಮೆಮೊರಿಯಲ್ಲಿ ರಕ್ತದ ಗುಂಪಿನ ಪಕ್ಕದಲ್ಲಿ ಇದ್ದದ್ದು ಹೆಸರು. ಹೆಸರು ಬಂದು ಕೂರಲಿಕ್ಕೆ ಅಳತೆ ಮಾಡಿ ಒಂದು ಜಾಗ ಬಿಟ್ಟಿದ್ದರು. ಬಫರ್ ಎಂದರೆ ಅದೇ. ಒಂದು ಸಾಲು ಹೆಸರನ್ನು ತಂದು ಅಲ್ಲಿ ಸುರಿಯುತ್ತಿತ್ತು. ಎಷ್ಟು ಉದ್ದ ಎಂದು ಕೇಳುತ್ತಿರಲಿಲ್ಲ. ಉದ್ದದ ಹೆಸರು ಬಂದರೆ ಅದರ ಬಾಲ ಹರಿದು ರಕ್ತದ ಗುಂಪಿನ ಮೇಲೆ ಕೂರುತ್ತಿತ್ತು. ಮೇಗಳಮನಿ ಎಂಬ ಮನೆತನದ 'ಮನಿ'. ಯಾವುದೋ ಗೌಡ್ರ ಮನೆತನದ 'ಗೌಡ್ರ'.

ಇಷ್ಟು ವರ್ಷ ಹರಿಯದೆ ಈಗ ಯಾಕೆ ಹರಿಯಿತು ಎಂಬುದೂ ತಿಳಿಯಿತು. ಮೊದಲು ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ತಾಯಂದಿರು ತಮ್ಮ ಹೆಸರನ್ನು ತಾವೇ ಓದಿಕೊಳ್ಳಲಿ ಎಂದು ಗುಲ್ಶನ್ ಸಿಸ್ಟರ್ ಕನ್ನಡದಲ್ಲಿ ಬರೆಯತೊಡಗಿದ್ದರು. ಇಂಗ್ಲಿಷಿನ ಅಕ್ಷರ ಒಂಟಿ ಮನುಷ್ಯ, ಮೆಮೊರಿಯಲ್ಲಿ ಒಂದು ಮನೆ ಸಾಕು. ಕನ್ನಡದ ಅಕ್ಷರಕ್ಕೆ ಮೂರು ಮನೆ ಬೇಕು. ಗುಣಿತ ಜೊತೆಗೆ ಬಂದರೆ ಇನ್ನೂ ಮೂರು, ಒತ್ತು ಬಂದರೆ ಇನ್ನೂ ಆರು.

ತಪ್ಪು ಸಿಕ್ಕ ಸಂತೋಷಕ್ಕೆ ಫಕೀರೇಶ ಮೇಜು ಗುದ್ದಿದ. ಆಮೇಲೆ ಆ ಸಾಲಿನ ಪಕ್ಕದಲ್ಲಿದ್ದ ಹೆಸರು ಓದಿದ.

ಹೊನ್ನವ್ವ.

ಗುದ್ದಿದ ಕೈ ತಾನಾಗಿ ಮೇಜಿನಿಂದ ಕೆಳಗಿಳಿಯಿತು.

ಇನ್ನಷ್ಟು ನೋಡಿದ. ಆ ಸಾಲಿನ ಸುತ್ತ ಗೋಡೆಗಳಿದ್ದವು. ಹಿಂದೆ ಇದ್ದು ಹೋದ ಹಿರಿಯ ಶಿಷ್ಯರು ಕಟ್ಟಿದ್ದವು. ಒಬ್ಬ, ಹೆಸರಿನ ನಡುವಿನ ಹೆಚ್ಚಿನ ಖಾಲಿ ಜಾಗ ತೆಗೆದು ಒಳಗೆ ಬಿಡು ಎಂದು ಬರೆದಿದ್ದ. ಇನ್ನೊಬ್ಬ, ಊರ ಹೆಸರನ್ನು ಹೊರಗೇ ಬಿಡು ಎಂದು ಬರೆದಿದ್ದ. ಉದ್ದದ ಇಂಗ್ಲಿಷ್ ಹೆಸರಿಗೆ ಅಷ್ಟು ಸಾಕಾಗಿತ್ತು. ತಪ್ಪು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸುತ್ತು ಹಾಕಿ ಹೋಗಿದ್ದರು.

ಫಕೀರೇಶ ಪರದೆಗೆ ಕೈ ಮುಗಿದ. ತಾನೂ ಒಂದು ಗೋಡೆ ಕಟ್ಟಿದ.

ಸಂಜೆ ಅವ್ವಾರು ಕೇಳಿದರು. "ಸಿಕ್ತೇನಪಾ?"

"ಸಿಕ್ತ್ರಿ. ಹೆಸರು ಉದ್ದ ಆಗಿ ಪಕ್ಕದ ಜಾಗಕ್ಕ ಹರೀತಿತ್ತು."

"ಭೇಷ್. ಏನು ಮಾಡಿದಿ?"

"ಹರಿಯೂಕಿಂತ ಮೊದಲ ಕತ್ತರಿಸ್ತೀನ್ರಿ."

"ಏನನ್ನ?"

"ಹೆಸರನ್ನ."

"ಹೆಸರಿನ ಒಡತಿನ ಕೇಳಿದೇನು?"

"ಕಡೇಗಿನ ಎರಡ ಮೂರ ಅಕ್ಷರ ಹೋಗತಾವ್ರಿ. ಯಾರಿಗೆ ಗೊತ್ತಾಗತೈತಿ?"

ಅವ್ವಾರು ತಲೆಯಾಡಿಸಿದರು. "ನಾಳೆ ಹೊಳಿ ದಾಟು. ಮಷೀನು ಬರದದ್ದು ಬರದಂಗ ವಾರ್ಡಿನಾಗ ನಿಂತು ಕೂಗು. ಯಾರಿಗೆ ಗೊತ್ತಾಗತೈತಿ ನೋಡಿಕೊಂಡು ಬಾ."

ಮರುದಿನ ಫಕೀರೇಶ ವಾರ್ಡಿನ ನಡುವೆ ನಿಂತ. ಎರಡೂ ಕಡೆ ಬಾಣಂತಿಯರು, ತೊಟ್ಟಿಲುಗಳು, ಬೆಳ್ಳುಳ್ಳಿ ಹೊಗೆಯ ವಾಸನೆ. ಮೂಲೆಯಲ್ಲಿ ಹಳೆಯ ಮಷೀನು. ಅದರ ಮುಂದೆ ಒಬ್ಬ ಆಯಾ ಬೀಸಣಿಗೆ ಹಿಡಿದು ಕುಳಿತಿದ್ದಳು.

ಅವನು ತಾನು ತಿದ್ದಿದ ಪ್ರೋಗ್ರಾಂ ಹಚ್ಚಿ, ಹೊಸ ಮಷೀನಿನ ಪರದೆಯಲ್ಲಿ ಮೂಡಿದ್ದನ್ನು ಗಟ್ಟಿಯಾಗಿ ಓದಿದ. "ಯಲ್ಲವ್ವ ಹನುಮಪ್ಪ ಮೇಗ!"

ಇಬ್ಬರು ಓ ಎಂದರು.

"ಯಾವ ಯಲ್ಲವ್ವ? ಮೇಗಳಮನಿಯವರೋ, ಮೇಗೇರಿಯವರೋ?" ಒಬ್ಬಳು ಕೇಳಿದಳು.

"ಮೇಗ ಅಂತ ಅಷ್ಟ ಐತ್ರಿ."

"ಉಳದದ್ದು ಎಲ್ಲಿ ಬಿಟ್ಟು ಬಂದಿ ತಮ್ಮಾ? ದೋಣ್ಯಾಗೇನು?"

ವಾರ್ಡೆಲ್ಲ ನಕ್ಕಿತು. ಮಲಗಿದ್ದ ಕೂಸುಗಳೆರಡು ಎದ್ದು ಅಳತೊಡಗಿದವು.

ಇನ್ನೊಬ್ಬ ಯಲ್ಲವ್ವ ಸೊಂಟಕ್ಕೆ ಕೈ ಇಟ್ಟಳು. "ಅಲ್ಲೋ, ಆಕಿ ಗಂಡನೂ ಹನುಮಪ್ಪ, ನನ್ನ ಗಂಡನೂ ಹನುಮಪ್ಪ. ನಮ್ಮಿಬ್ಬರನ್ನ ಬ್ಯಾರೆ ಮಾಡಿದ್ದ ಮನಿತನದ ಹೆಸರು. ನೀ ಅದನ್ನ ಕೊಯ್ದರ ನಾಳೆ ನನ್ನ ಗಂಡ ಯಾರ ಮನಿಗೆ ಹೋಗಬೇಕು?"

"ಯಾರ ಮನಿಗೆ ಹೋದ್ರೂ ಊಟ ಹಾಕ್ತೀನಿ ಬಿಡ," ಎಂದಳು ಮೊದಲಿನವಳು. ನಗು ಇನ್ನೂ ಜೋರಾಯಿತು.

ಗುಲ್ಶನ್ ಸಿಸ್ಟರ್ ಮಾತ್ರ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಒಬ್ಬಾಕಿದು ಓ ಗುಂಪಿನ ರಕ್ತ. ಇನ್ನೊಬ್ಬಾಕಿದು ಬಿ. ಅದಲಿಬದಲಿ ಏರಸಿದ್ರ ಏನಾಗತೈತಿ ಗೊತ್ತೈತೇನು?"

ಫಕೀರೇಶನಿಗೆ ಗೊತ್ತಿತ್ತು. ಸಿಕ್ಕ ಮೊದಲ ದೋಣಿ ಹತ್ತಿ ಮರಳಿದ.

ಅವ್ವಾರು ಕಟ್ಟೆಯ ಮೇಲೆ ಕುಳಿತಿದ್ದರು. ಅವನು ಬಂದು ಎದುರಿಗೆ ಕುಳಿತ.

"ಹೆಸರಿಗೆ ಬಿಟ್ಟ ಜಾಗ ದೊಡ್ಡದು ಮಾಡ್ಲೇನ್ರಿ?"

"ಎಷ್ಟು ದೊಡ್ಡದು?"

"ಈಗಿನದರ ನಾಲ್ಕರಷ್ಟು."

"ಅದಕ್ಕಿಂತ ಉದ್ದದ ಹೆಸರಿನಾಕಿ ಬಂದ್ರ?"

"ಅಷ್ಟು ಉದ್ದದಾಕಿ ಬರೂದಿಲ್ಲ ಬಿಡ್ರಿ."

"ನಿನಗ ಹೇಳಿ ಬರತಾಳೇನು?"

ಅವನು ತಲೆ ಕೆರೆದುಕೊಂಡ.

"ಹೆಸರು ತಂದು ಸುರಿಯೂ ಸಾಲು ಒಂದು ಇರಬೇಕಲ್ಲ. ಅದು ನಿಂದು ಎಷ್ಟು ಉದ್ದವಾ ತಂಗಿ ಅಂತ ಕೇಳತೈತೇನು?"

"ಇಲ್ರಿ."

"ಮತ್ತ ಅದನ್ನ ತಿದ್ದೂದು ಬಿಟ್ಟು ಊರ ಸುತ್ತ ಯಾಕ ತಿರಗತೀ? ಯಾರು ಬರದಾರ ಅಂಥಾ ಹುಚ್ಚು ಸಾಲು?"

ಫಕೀರೇಶ ನೆಲ ನೋಡಿದ.

"ಯಾರು?"

"ಹೆಸರು ಅಳಿಸಿ ಹೋಗೈತ್ರಿ ಅವ್ವಾರ."

ಆಶ್ರಮಕ್ಕೆ ಬಂದ ಮೇಲೆ ಅವನು ಹೇಳಿದ ಮೊದಲ ಸುಳ್ಳು ಅದು. ಅವ್ವಾರು ಒಂದೇ ಕಣ್ಣಿನಿಂದ ಅವನನ್ನು ನೋಡಿದರು.

"ಹಂಗೇನು," ಎಂದರು. "ಏಳು, ದಂಡಿ ಮ್ಯಾಲೆ ಸ್ವಲ್ಪ ಅಡ್ಡಾಡಿ ಬರೋಣು."

ಚಪ್ಪಲಿ ಮೆಟ್ಟದೆ ಹೊರಟರು. ಹಾದಿ ಬಿಟ್ಟು ಜಾಲಿಗಿಡಗಳ ಕಡೆ ನಡೆದರು.

"ಅವ್ವಾರ, ಆ ಕಡೆ ಬ್ಯಾಡ್ರಿ. ಮುಳ್ಳು ಅದಾವ."

"ಒಂದು ಕಣ್ಣಿನಾಕಿಗೆ ಹಾದಿ ಯಾವುದು, ಮುಳ್ಳು ಯಾವುದು," ಎಂದು ಇನ್ನೊಂದು ಹೆಜ್ಜೆ ಇಟ್ಟರು. ಇಟ್ಟವರು ಹಾ ಎಂದು ಅಲ್ಲೇ ಮರಳಿನ ಮೇಲೆ ಕುಳಿತರು.

ಫಕೀರೇಶ ಓಡಿ ಬಂದ. ಹಿಮ್ಮಡಿಯಲ್ಲಿ ಜಾಲಿಯ ಮುಳ್ಳು ಮುರಿದುಕೊಂಡು ಕೂತಿತ್ತು. ಅವ್ವಾರು ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟರು.

ಅವನು ಮೊದಲು ಆ ಪಾದವನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ತೊಡೆಯ ಮೇಲಿಟ್ಟುಕೊಂಡು ಪಿನ್ನಿನ ಮೊನೆಯಿಂದ ಮೆಲ್ಲಗೆ ಕೆದಕಿದ. ಒಂದು ಹನಿ ರಕ್ತ ಬಂತು. ಮುಳ್ಳಿನ ತುದಿ ಸಿಕ್ಕಿತು. ಉಗುರಿನಿಂದ ಹಿಡಿದು ಎಳೆದ.

"ಬಂತೇನು?"

"ಬಂತ್ರಿ."

"ತೋರಸು."

ಅಂಗೈ ಮೇಲಿಟ್ಟು ತೋರಿಸಿದ.

"ಕಾಲಿಗೆ ನಮಸ್ಕಾರ ಮಾಡಿದಿ. ಅದು ಸರಿ. ಈ ಮುಳ್ಳಿಗೆ ಯಾಕ ಮಾಡಲಿಲ್ಲ?"

"ಮುಳ್ಳಿಗ್ಯಾಕ್ರಿ?"

"ಇಷ್ಟೊತ್ತನ ನನ್ನ ಕಾಲಾಗ ಇತ್ತಲ್ಲ."

ಫಕೀರೇಶ ಅಂಗೈ ಮಗುಚಿದ. ಮುಳ್ಳು ಮರಳಿಗೆ ಬಿತ್ತು.

"ಆ ಸಾಲು ನಿಮ್ದ್ರಿ, ಅವ್ವಾರ," ಎಂದ.

"ಗೊತ್ತಾತು. ಬ್ಯಾರೆ ಯಾರದರೆ ಆಗಿದ್ರ ಹೇಳಾಕ ನಿನಗ ಅಷ್ಟೊತ್ತು ಹಿಡೀತಿರಲಿಲ್ಲ. ಬ್ಯಾರೆ ಯಾರಿಗೆ ಗೊತ್ತೈತಿ?"

"ನನಗಿಂತ ಮೊದಲ ಇದ್ದವರಿಗೂ ಗೊತ್ತಿತ್ರಿ. ಸುತ್ತಲೂ ಗೋಡಿ ಕಟ್ಟ್ಯಾರ."

ಅವ್ವಾರು ಹೊಳೆಯ ಕಡೆ ತಿರುಗಿದರು.

"ಎಲ್ಲಾರಿಗೂ ಗೊತ್ತಿತ್ತು. ನನಗೊಬ್ಬಾಕಿಗೆ ಗೊತ್ತಿರಲಿಲ್ಲ," ಎಂದರು. "ಇಷ್ಟು ವರ್ಷ ನಾ ಗುರು ಅಂತ ಕುಂತಿದ್ದೆ. ನೀವು ನನ್ನ ಮೂರ್ತಿ ಮಾಡಿ ಕೂಡಿಸಿದ್ರಿ. ಮೂರ್ತಿಗೆ ಯಾರೂ ಏನೂ ಹೇಳೂದಿಲ್ಲ, ನೋಡು. ಎಣ್ಣಿ ಅಷ್ಟ ಹಚ್ಚತಾರ."

"ತಪ್ಪಾತ್ರಿ."

"ತಪ್ಪು ನಂದಪಾ. ನಿಂದು ಅಂಜಿಕಿ." ಅವರು ಅವನ ಹೆಗಲು ಹಿಡಿದು ಎದ್ದರು. "ಹೋಗು. ಆ ಸಾಲು ಕಿತ್ತು ಒಗಿ."

"ತಿದ್ದತೀನ್ರಿ."

"ತಿದ್ದಬ್ಯಾಡ, ಕಿತ್ತು ಒಗಿ. ನನ್ನ ಕಾಲಾಗಿಂದ ಅರ್ಧ ಮುಳ್ಳು ತಗದೇನು?"

ಫಕೀರೇಶ ಹೋಗಿ ಕುಳಿತ. ಹೊನ್ನವ್ವ ಎಂಬ ಹೆಸರಿದ್ದ ಸಾಲಿನ ಮೇಲೆ ಬೆರಳು ಇಟ್ಟ. ಎರಡು ಸಲ ಹಿಂದೆ ತೆಗೆದ. ಮೂರನೆಯ ಸಲ ಒತ್ತಿದ.

ಸಾಲು ಹೋಯಿತು. ಏನೂ ಆಗಲಿಲ್ಲ. ಹೊಳೆ ಹರಿಯುತ್ತಲೇ ಇತ್ತು. ಅಡುಗೆ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಲೇ ಇದ್ದರು.

ಅವನಿಗೆ ನಗು ಬಂತು. ಆ ನಗುವಿನಲ್ಲೇ ಗೋಡೆಗಳನ್ನೂ ಕೆಡವಿದ. ತನ್ನದನ್ನು ಮೊದಲು ಕೆಡವಿದ. ಕೋಡು ಅಂಗಳದಷ್ಟು ಬಯಲಾಯಿತು.

ಹೊಸದಾಗಿ ಬರೆದ. ಬಂದ ಹೆಸರನ್ನು ಮೊದಲು ಕೇಳು, ಎಷ್ಟು ಜಾಗ ಬೇಕು. ಅಕ್ಷರ ಎಣಿಸಬೇಡ, ಅದು ಹಿಡಿಯುವ ಜಾಗ ಎಣಿಸು. ಅಷ್ಟು ಜಾಗ ಮಾಡಿಕೊಡು. ಕೊಡಲು ಆಗದಿದ್ದರೆ ಕತ್ತರಿಸಬೇಡ, ಸುರಿಯಲೂ ಬೇಡ. ಅಲ್ಲೇ ನಿಂತು, ಆಗುವುದಿಲ್ಲ ಎಂದು ಬಾಯಿ ಬಿಟ್ಟು ಹೇಳು.

ಪರೀಕ್ಷೆ ಮಾಡಲು ದಾನಮ್ಮ ಬಂದು ಕುಳಿತಳು. ಹೋಳಿಗೆಯ ಸೇಡು ಇನ್ನೂ ಬಾಕಿ ಇತ್ತು.

ಅವಳು ಹೆಸರು ಟೈಪ್ ಮಾಡತೊಡಗಿದಳು. ತನ್ನ ಹೆಸರು, ಅವ್ವನ ಹೆಸರು, ಅಜ್ಜಿಯ ಹೆಸರು, ಅಜ್ಜಿಯ ತವರೂರು, ಅಲ್ಲಿನ ಗ್ರಾಮದೇವತೆಯರಾದ ದ್ಯಾಮವ್ವ, ದುರ್ಗವ್ವ, ಅವರಿಬ್ಬರ ತಮ್ಮ ಪೋತರಾಜ.

"ಒಬ್ಬ ಹೆಂಗಸಿಗೆ ಇಷ್ಟು ಹೆಸರು ಯಾರು ಇಡತಾರ?" ಎಂದ ಫಕೀರೇಶ.

"ನಮ್ಮ ಸೋದರತ್ತಿನ ನೀ ನೋಡಿಲ್ಲ."

ಒತ್ತಿದಳು. ಎಲ್ಲ ಹೆಸರೂ ಹೋಗಿ ನೀಟಾಗಿ ಕೂತವು. ಪಕ್ಕದ ರಕ್ತದ ಗುಂಪಿನ ಮೇಲೆ ಒಂದು ತೊಟ್ಟೂ ಬೀಳಲಿಲ್ಲ. ಸಂಕಪ್ಪ ಶಿಳ್ಳೆ ಹೊಡೆದ. ದಾನಮ್ಮ ಸೋತ ಮುಖ ಮಾಡಿದಳು. ಆದರೆ ಅವಳಿಗೂ ಸಂತೋಷವಾಗಿತ್ತು.

ಬೆಳಗಾಗುತ್ತಲೇ ಅವ್ವಾರು, ಫಕೀರೇಶ, ದಾನಮ್ಮ ಮೂವರೂ ದೋಣಿ ಹತ್ತಿದರು. ಅವ್ವಾರು ನಡುವೆ ಕುಳಿತರು. ಹಿಮ್ಮಡಿಗೆ ಅರಿಶಿಣದ ಬಟ್ಟೆ, ಕಣ್ಣಿಗೆ ಹಸಿರು ಪಟ್ಟಿ.

"ಮ್ಯಾಲಿನಿಂದ ಕೆಳಗಿನತನ ರಿಪೇರಿಗೆ ಬಂದೀರಲ್ರಿ," ಎಂದರು ಗುಲ್ಶನ್ ಸಿಸ್ಟರ್, ಕೈ ಹಿಡಿದು ಇಳಿಸಿಕೊಳ್ಳುತ್ತಾ.

"ನಡುವಿನದಷ್ಟ ಉಳದೈತಿ. ಹಸಿವಿ ಆಗೈತಿ, ಅದಕ್ಕೇನರೆ ಹಾಕು."

ಹಳೆಯ ಮಷೀನು ಕಾದ ಹಂಚಾಗಿತ್ತು. ಇಬ್ಬರು ಆಯಾಗಳೂ ಈಗ ಒಟ್ಟಿಗೆ ಬೀಸುತ್ತಿದ್ದರು. ಫಕೀರೇಶ ಪ್ರೋಗ್ರಾಂ ಹಚ್ಚಿದ. ಹೊಸ ಪರದೆಯ ಮೇಲೆ ಒಂದೊಂದೇ ಹೆಸರು ಮೂಡತೊಡಗಿತು. ಸಿಸ್ಟರ್ ಗಟ್ಟಿಯಾಗಿ ಓದಿದರು.

"ಯಲ್ಲವ್ವ ಹನುಮಪ್ಪ ಮೇಗಳಮನಿ. ಓ."

"ನಾನ್ರಿ!"

"ಯಲ್ಲವ್ವ ಹನುಮಪ್ಪ ಮೇಗೇರಿ. ಬಿ."

"ಬಂದೆ ನಾನೂ! ನನ್ನ ಗಂಡನೂ ಮನಿಗೆ ಬಂದ!"

ನಗು, ಚಪ್ಪಾಳೆ. ಹೆಸರು ಬಂದವರು ಕೂಸನ್ನು ಎತ್ತಿಕೊಂಡು ಬಂದು ಪರದೆಯಲ್ಲಿ ತಮ್ಮ ಅಕ್ಷರ ಮುಟ್ಟಿ ನೋಡಿದರು. ರಕ್ತದ ಗುಂಪು ಸಿಸ್ಟರಿಗೆ ನೆನಪಿದ್ದವರದ್ದೆಲ್ಲ ಸರಿಯಾಗಿತ್ತು. 'ಮನಿ' ಮನೆಗೆ ಹೋಗಿತ್ತು. ಗೌಡ್ರು ತಮ್ಮ ಜಾಗದಲ್ಲಿದ್ದರು. ವಾರ್ಡಿನವರು ಮುಗಿದರು, ಹಿಂದಿನ ವರ್ಷಗಳವರು ಬಂದರು. ತಾಯಂದಿರೆಲ್ಲ ಹೊಳೆ ದಾಟಿದ ಹಾಗೆ ಒಬ್ಬೊಬ್ಬರಾಗಿ ದಾಟಿ ಮುಗಿಸಿದರು.

ಸಿಸ್ಟರ್ ಕುರ್ಚಿಯ ಮೇಲೆ ಕುಸಿದು ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. "ಯಾ ಅಲ್ಲಾ. ಇವತ್ತ ನಿದ್ದಿ ಬರತೈತಿ ನನಗ."

ಇನ್ನು ಕೂಸುಗಳ ವಿವರ ಬಾಕಿ. ಪ್ರೋಗ್ರಾಂ ಅಲ್ಲಿಗೆ ಬಂತು. ನಿಂತಿತು.

ಪರದೆಯ ಮೇಲೆ ಒಂದು ಮಾತು ಬಂತು. 'ಹೆಸರಿಲ್ಲ. ಜಾಗ ಕೊಡಲಾರೆ.'

ಎಲ್ಲರೂ ಫಕೀರೇಶನನ್ನು ನೋಡಿದರು.

"ಯಾವ ಕೂಸಿದು?" ಎಂದ.

"ಮುಂಜಾನೆ ಹುಟ್ಟೈತಿ," ಎಂದರು ಸಿಸ್ಟರ್. "ಇನ್ನೂ ತೊಟ್ಟಿಲಿಗೆ ಹಾಕಿಲ್ಲ. ಹೆಸರು ಎಲ್ಲಿಂದ ಬರಬೇಕು?"

ದಾನಮ್ಮ ಪರದೆಗೆ ಬಗ್ಗಿದಳು. "ನಿನ್ನ ಸಾಲು ಎಷ್ಟು ಜಾಗ ಬೇಕು ಅಂತ ಕೇಳತೈತಿ. ಕೂಸು ಏನೂ ಬ್ಯಾಡ ಅಂತೈತಿ. ಏನೂ ಬ್ಯಾಡ ಅಂದವರನ್ನ ನೀ ಹೊರಗ ನಿಂದ್ರಿಸಿದಿ. ಅವ್ವಾರ ಹಳೇ ಸಾಲು ಇಂಥವರನ್ನ ಸುಮ್ಮನ ಒಳಗ ಬಿಡತಿತ್ತು."

"ಪಕ್ಕದವರ ಮ್ಯಾಲೆ ಸುರಿಯೂಕಿಂತ ನಿಂತದ್ದ ಚಲೋ ಆತು," ಎಂದ ಫಕೀರೇಶ. ಅವನ ಕಿವಿ ಕೆಂಪಾಗಿತ್ತು.

"ನಿಂತದ್ದು ಚಲೋ ಆತು. ಬಾಯಿ ಬಿಟ್ಟು ಹೇಳಿದ್ದೂ ಚಲೋ ಆತು. ಆದ್ರ ಆ ಸಾಲು ತಪ್ಪು. ನನಗ ಗೊತ್ತಾತು ಹೆಂಗ ಮಾಡಬೇಕಂತ. ಕೀಲಿಮಣಿ ಕೊಡು ಇಲ್ಲಿ."

ಫಕೀರೇಶ ಎರಡೂ ಕೈಯನ್ನು ಕೀಲಿಮಣೆಯ ಮೇಲೆ ಇಟ್ಟುಕೊಂಡ. ಪರದೆಯಲ್ಲಿ ಆ ಸಾಲಿನ ಪಕ್ಕ ಅವನ ಹೆಸರು ಕಾಣುತ್ತಿತ್ತು.

"ಕೈ ಹಚ್ಚಬ್ಯಾಡ ದಾನಮ್ಮ. ಅದು ನನ್ನ ಸಾಲು."

ಆಯಾಗಳು ಬೀಸುವುದನ್ನು ನಿಲ್ಲಿಸಲಿಲ್ಲ. ಹೆಸರಿಲ್ಲದ ಕೂಸು ತಾಯಿಯ ಮಗ್ಗುಲಲ್ಲಿ ಒಮ್ಮೆ ಸೀನಿತು.

ಅವ್ವಾರು ನಗುತ್ತಾ ಅವನ ಕುರ್ಚಿಯ ಬೆನ್ನಿಗೆ ಕೈ ಹಾಕಿದರು.

"ಏಳಪಾ ಫಕೀರೇಶ. ಆಕಿಗೆ ಕೂಡಾಕ ಜಾಗ ಬಿಡು."